ಹೊಸ ಹಿರಿಯ

"ಸಭಾ ಹಿರಿಯರ ಜಾಗ ಖಾಲಿ ಇದೆ. ಸೇವೆಗೆ ಯಾರು ಬರ್ತೀರಿ?" ಪಾಸ್ಟರ್ ಎರಡನೇ ಸಲ ಕೇಳಿದಾಗಲೂ ಚರ್ಚಿನಲ್ಲಿದ್ದ ತಲೆಗಳೆಲ್ಲ ಪ್ರಾರ್ಥನೆಗೆಂಬಂತೆ ಬಾಗಿಯೇ ಇದ್ದವು. ದರ್ಜಿ ತನ್ನ ಬೆರಳುಗಳನ್ನೇ ನೋಡಿಕೊಂಡ. ಔಷಧಿ ಅಂಗಡಿಯಾಕೆ ಇಲ್ಲದ ಕೆಮ್ಮು ತಂದುಕೊಂಡಳು.

ಆಗ ಮುಂದಿನ ಬೆಂಚು ಕಿರುಗುಟ್ಟಿತು. "ನಾನಿದ್ದೀನಲ್ಲ!" ಎಂದು ಮುದಿ ಬಡಗಿ ಎದ್ದ. ಹಿರಿಯರ ಆ ಜಾಗ ಮೊದಲು ಅವನದೇ ಆಗಿತ್ತು. ಒಂದು ಭಾನುವಾರ ಕರ್ತನ ಭೋಜನದ ರೊಟ್ಟಿ ಹಂಚುತ್ತಾ ಹಂಚುತ್ತಾ ಎಲ್ಲ ಮರೆತು, ತಟ್ಟೆ ಹಿಡಿದೇ ಮನೆಗೆ ಹೊರಟುಬಿಟ್ಟಿದ್ದ. ಆಮೇಲೆ ಇದೇ ಜನ ಚಪ್ಪಾಳೆ ತಟ್ಟಿ ಅವನನ್ನು ಬೀಳ್ಕೊಟ್ಟಿದ್ದರು. "ಅಪ್ಪಾ, ಕೂತ್ಕೋ" ಎಂದು ಮಗಳು ಅಂಗಿ ಎಳೆದಳು. ಅವನು ಕೊಸರಿಕೊಂಡು ಪೀಠದ ಮುಂದೆ ಹೋಗಿ ಮಂಡಿಯೂರಿ, ತಲೆ ತಗ್ಗಿಸಿ ಕಾದ.

ಪಾಸ್ಟರ್ ಸಭೆಯತ್ತ ನೋಡಿದರು. ಬೇಡ ಎನ್ನಲು ಒಬ್ಬರೂ ಬಾಯಿ ಬಿಡಲಿಲ್ಲ. ಬೇಡ ಎಂದವರ ಹೆಗಲಿಗೇ ಆ ಸೇವೆ ಬೀಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಪಾಸ್ಟರ್ ಆ ಬೋಳು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸಭೆಯಿಂದ "ಆಮೆನ್" ಮಾತ್ರ ಗಟ್ಟಿಯಾಗಿಯೇ ಬಂತು.

ಹೊಸ ಹಿರಿಯ, ಹಿಂದೆಯೇ ಬಂದು ನಿಂತಿದ್ದ ಮಗಳ ಕೈ ಹಿಡಿದು ಎದ್ದು, ಸಭೆಯತ್ತ ತಿರುಗಿದ. ತಲೆಗಳು ಇನ್ನೂ ಮೇಲೆದ್ದಿರಲಿಲ್ಲ. ಅವನ ಮುಖ ಬಾಡಿತು.

"ಯಾರಮ್ಮ ತೀರ್ಕೊಂಡಿದ್ದು?" ಎಂದು ಮಗಳನ್ನು ಮೆಲ್ಲಗೆ ಕೇಳಿದ.