ನಾಲ್ಕನೇ ವಿಶಲ್

ಅಡುಗೆಮನೆಗಳ ಸಮಸ್ತ ವಸ್ತುಗಳಿಗೂ ಮಾತು ಬಂದು ಹತ್ತು ವರ್ಷವಾಗಿತ್ತು. ಅವುಗಳ ಗೋಳು ಕೇಳುವ ಆಪ್ತಸಮಾಲೋಚಕಿ ವಿಮಲಾಕ್ಷಿ ಪ್ರತಿ ಗುರುವಾರ ತನ್ನ ಮೇಲ್ವಿಚಾರಕಿಯ ಮುಂದೆ ಚಾಪೆ ಹಾಸಿ ಕೂರಬೇಕಿತ್ತು. ಮೇಲ್ವಿಚಾರಕಿ ಎಂದರೆ ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ರುಬ್ಬುವ ಕಲ್ಲು, ಒರಳಜ್ಜಿ. ಕೂತಲ್ಲಿಂದ ಅಲುಗದೆ ಕೇಳುವುದರಲ್ಲಿ ಅವಳದು ಎತ್ತಿದ ಕೈ.

“ಆ ಕುಕ್ಕರ್‌ಗೆ ಗುಣವೇ ಕಾಣ್ತಿಲ್ಲ ಅಜ್ಜಿ. ಒಲೆ ಮೇಲಿಟ್ರೇನೇ ಬಾಯಿ ಬಿಡೋದು. ಅದೂ ಮೂರೇ ವಿಶಲ್, ಆಮೇಲೆ ತೆಪ್ಪಗಾಗತ್ತೆ. ಹೀಗೇ ಆದ್ರೆ ಮನೆಯವ್ರು ಗುಜರಿಗೆ ಹಾಕ್ತಾರಂತೆ.”

“ಮೂರಾದ್ಮೇಲೆ ನೀನೇನು ಮಾಡ್ತೀಯೆ?”

“ಒಲೆ ಆರಿಸ್ತೀನಿ,” ಎಂದವಳೇ ವಿಮಲಾಕ್ಷಿ ನಾಲಿಗೆ ಕಚ್ಚಿಕೊಂಡಳು. “ಕೈ ತಾನಾಗೇ ಹೋಗತ್ತಜ್ಜಿ! ಹೊಟ್ಟೇಲಿ ಬೇಳೆ ಇಟ್ಕೊಂಡೇ ಬಂದಿರತ್ತೆ, ಸೀದುಹೋದ್ರೆ?”

“ನಿನ್ನ ಹತ್ರ ಬಂದಿರೋದು ಕುಕ್ಕರು ಕಣೇ, ಬೇಳೆ ಅಲ್ಲ. ಅದರ ಮನೆಯವ್ರೂ ಮೂರಕ್ಕೇ ಬಾಯಿ ಮುಚ್ಚಿಸ್ತಾರೆ, ನೀನೂ ಮುಚ್ಚಿಸ್ತೀಯ. ನಾಳೆ ಕೈ ಮೇಲೆ ಕೂತ್ಕೋ.”

ಮರುದಿನ ವಿಮಲಾಕ್ಷಿ ಎರಡೂ ಕೈಗಳ ಮೇಲೆ ಕೂತಳು. ನಾಲ್ಕನೇ ವಿಶಲ್‌ಗೆ ಕುಕ್ಕರ್ ಬಿಕ್ಕಿತು, ಒಂಬತ್ತಕ್ಕೆ ಯಜಮಾನಿಗೆ ಹಿಡಿಶಾಪ ಹಾಕಿತು, ಹದಿನಾರಕ್ಕೆ ನಿಟ್ಟುಸಿರು ಬಿಟ್ಟು, “ಹಗುರಾಯ್ತು ಮೇಡಂ,” ಎಂದಿತು.

ವಿಮಲಾಕ್ಷಿ ಹೆಮ್ಮೆಯಿಂದ ಮುಚ್ಚಳ ತೆಗೆದಳು. ತಳದಿಂದ ಸೀದ ದನಿಯೊಂದು ಬಂತು: “ಮೇಡಂ, ಬೇಳೆ ಅಂತ ಬರ್ಕೊಳ್ಳಿ. ನನಗೂ ಒಂದು ಅಪಾಯಿಂಟ್‌ಮೆಂಟ್ ಬೇಕು.”