ಬೇಲಿಯವರೆಗಿನ ಚಕ್ರದ ಗುರುತು

ಎದುರುಮನೆಯ ಅಂಗಳದಲ್ಲಿ ಮಂಡಿಯೂರಿ ಫೋಟೊ ತೆಗೆಯುವಾಗ ಐಲಾಗೆ ತನ್ನ ಮೇಲೇ ಹೇಸಿಗೆಯಾಯಿತು.

ಹಿಮದ ಮೇಲೆ ಚಕ್ರದ ಎರಡು ಗುರುತು. ಶೆಡ್ಡಿನ ಬಾಗಿಲಿನಿಂದ ಬೇಲಿಯವರೆಗೆ ಬಂದಿದ್ದವು. ಅಲ್ಲಿಂದಾಚೆ, ರಸ್ತೆಯ ಹಿಮ ತಳ್ಳುವ ಲಾರಿ ಎಲ್ಲವನ್ನೂ ಉಜ್ಜಿಹಾಕಿತ್ತು. ನಾಲ್ಕು ಫೋಟೊ ತೆಗೆದು ಮನೆಗೆ ಓಡಿದಳು. ಡೈರಿಯಲ್ಲಿ ಬರೆದಳು: ‘ಎದುರುಮನೆ ಅಜ್ಜ ಕಾರನ್ನು ರಸ್ತೆಗೆ ಇಳಿಸಿದ್ದಾರೆ ಎಂದಾಗಿಬಿಟ್ಟರೆ ಸಾಕು. ಹೀಗೆ ಬಯಸುವ ನಾನು ಎಂಥವಳು?’

ಮಿಶಿಗನ್ನಿನ ಆ ಉತ್ತರದ ಊರಿನಲ್ಲಿ ಹಿಮ ಕರಗಿಸಲು ಉಪ್ಪು ಸುರಿದ ಚಳಿಗಾಲದ ರಸ್ತೆಗೆ ಹಳೆಯ ಕಾರನ್ನು ಯಾರೂ ಇಳಿಸುವುದಿಲ್ಲ, ತುಕ್ಕು ಹಿಡಿಯುತ್ತದೆ. ಎದುರುಮನೆಯ ವಿಲ್ಹೊ ಅಜ್ಜ ಹತ್ತೊಂಬತ್ತು ವರ್ಷಗಳಿಂದ ಪ್ರತಿ ಅಕ್ಟೋಬರಿನಲ್ಲೂ ವಿಮೆಯ ಕಚೇರಿಗೆ ಬಂದು, “ಹೋದ ವರ್ಷದ ಹಾಗೇ” ಎನ್ನುತ್ತಿದ್ದರು. ಎಂದರೆ, ರಸ್ತೆ ಅಪಘಾತದ ವಿಮೆ ಬೇಡ; ಬೆಂಕಿ, ಕಳ್ಳತನ, ಹಿಮದ ಭಾರಕ್ಕೆ ಸೂರು ಕುಸಿಯುವುದು, ಇಷ್ಟಕ್ಕೆ ಮಾತ್ರ ಇರಲಿ. ಷರತ್ತು ಒಂದೇ. ಏಪ್ರಿಲ್‌ವರೆಗೆ ಕಾರು ರಸ್ತೆಗೆ ಇಳಿಯಬಾರದು. ಈ ಸಲ ಅವರ ಮಾತನ್ನು ಬರೆದುಕೊಂಡವಳು ಐಲಾ. ಪದವಿ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತಷ್ಟೆ.

ಡಿಸೆಂಬರಿನಿಂದೀಚೆಗೆ, ಹಿಮ ಬಿದ್ದ ಬೆಳಿಗ್ಗೆಯೆಲ್ಲ ಅವಳು ಕಿಟಕಿಯಿಂದ ಮೊದಲು ಅಜ್ಜನ ಶೆಡ್ಡಿನ ಸೂರು ನೋಡುತ್ತಿದ್ದಳು. ಆಮೇಲೆ ಅಂಗಳ.

ಫೆಬ್ರವರಿಯಲ್ಲಿ ಮೂರು ದಿನ ಬಿಡದೆ ಹಿಮ ಸುರಿಯಿತು. ನಾಲ್ಕನೆಯ ದಿನ ಸೂರು ಕುಸಿದು ಕಾರು ಜಜ್ಜಿಹೋಯಿತು. ಹಿಂದೊಮ್ಮೆ ಸೊಂಟ ಮುರಿದುಕೊಂಡಿದ್ದ ಅಜ್ಜನ ಹೆಂಡತಿ ಲೆಂಪಿ ಅಜ್ಜಿ, ಗಂಡನ ಎತ್ತರದ ಪಿಕಪ್ ಗಾಡಿ ಹತ್ತಲಾರಳು. ಬೇಸಿಗೆಯಲ್ಲಿ ಅವಳನ್ನು ಸರೋವರದ ದಂಡೆಗೆ ಕರೆದೊಯ್ಯುತ್ತಿದ್ದುದು ಆ ತಗ್ಗಿನ ಹಳೆಯ ಕಾರೊಂದೇ. ವಿಮೆ ಬಾರದಿದ್ದರೆ ಇನ್ನೊಂದು ಕಾರಿನ ಮಾತೇ ಇಲ್ಲ.

ಮರುದಿನ ಅಜ್ಜ ಟೊಪ್ಪಿ ಕೈಯಲ್ಲಿ ಹಿಡಿದು ಕಚೇರಿಗೆ ಬಂದರು. ಯಜಮಾನಿ ಡೊರೀನ್ ಅವರನ್ನು ಕೂರಿಸಿ ಕಾಫಿ ಕೊಟ್ಟರು.

“ಐಲಾ, ಇವರ ಫೈಲ್ ತಗೊಂಡ್ ಬಾಮ್ಮ.”

ಐಲಾ ತಂದು ಮೇಜಿನ ಮೇಲಿಟ್ಟದ್ದು ಫೋಟೊಗಳನ್ನು.

ಡೊರೀನ್ ಮುಖ ಬಿಗಿಯಿತು. “ಏನಿದು ವಿಲ್ಹೊ? ಕಾರು ಹೊರಗೆ ಬಂದಿದೆಯಲ್ಲ.”

“ಬಂದಿದೆ. ಒಂದೇ ಕಡೆ ನಿಂತ್ರೆ ಟಯರು ಹಾಳಾಗ್ತವೆ. ತಿಂಗಳಿಗೊಂದ್ಸಲ ಬೇಲಿ ತನಕ ತರ್ತೀನಿ, ಹಾಗೇ ಹಿಂದಕ್ಕೆ ಬಿಡ್ತೀನಿ. ಲೆಂಪಿ ಕಿಟಕೀಲಿ ನಿಂತು ಆಡ್ಕೋತಾಳೆ, ‘ಊರೆಲ್ಲ ಸುತ್ತಿ ಬಂದ್ರಾ ದೊರೆಗಳು’ ಅಂತ.”

“ಬೇಲಿ ದಾಟಿಲ್ಲ ತಾನೆ?”

ಅಜ್ಜ ಟೊಪ್ಪಿಯ ಅಂಚನ್ನು ತಿರುಗಿಸುತ್ತಾ ಕುಳಿತರು. “ಜನವರೀಲಿ ಒಂದ್ಸಲ ಬೇಲಿ ಗೇಟಲ್ಲಿ ಜಾರ್ತು. ಮುಂದಿನ ಚಕ್ರ ರಸ್ತೆಗಿಳೀತು. ಒಂದು ಮೊಳ ಇರಬಹುದು.”

ಡೊರೀನ್ ಪೆನ್ನು ಕೆಳಗಿಟ್ಟರು. “ಅಯ್ಯೋ ಮಾರಾಯ್ರೆ, ಅದನ್ನ್ಯಾಕೆ ಹೇಳಿದ್ರಿ? ಈಗ ನಾನು ಬರ್ಕೋಬೇಕಾಗುತ್ತೆ.”

“ಕೇಳಿದ್ರಿ, ಹೇಳ್ದೆ. ಇಳಿದದ್ದು ಇಳಿದದ್ದೇ. ತಪ್ಪು ನಂದು. ಕಂಪನಿಗೆ ಏನೂ ಕಳಿಸ್ಬೇಡಿ, ಇಲ್ಲಿಗೇ ಬಿಡಿ.” ಅಜ್ಜ ಎದ್ದರು. ಐಲಾಳ ಮುಖ ನೋಡಿ ದನಿ ತಗ್ಗಿಸಿದರು. “ನೀನ್ಯಾಕೆ ಅಳೋ ಹಾಗಿದೀಯ ಮಗಳೇ? ನೋಡಿದ್ದನ್ನ ತೋರಿಸ್ದೆ. ನಿನ್ನ ಕೆಲಸ ಅದು.”

ಪರಿಹಾರದ ಅರ್ಜಿಯೇ ಇಲ್ಲದ ಮೇಲೆ ಫೈಲಿನ ಅಗತ್ಯವೂ ಇಲ್ಲ. ಡೊರೀನ್ ನಿಟ್ಟುಸಿರಿಟ್ಟು ಫೋಟೊಗಳನ್ನು ಒಟ್ಟುಮಾಡಿದರು. ಎರಡು ತಿಂಗಳಿಂದ ಐಲಾ ಕಾದಿದ್ದ ಗಳಿಗೆ ಇದೇ. ಅಜ್ಜನ ಕೈ ಬಾಗಿಲ ಹಿಡಿಯ ಮೇಲಿತ್ತು.

“ಹೋಗ್ಬೇಡಿ ಅಜ್ಜ,” ಎಂದಳು ಐಲಾ. “ಮುರಿಯೋದಕ್ಕೆ ನಿಮಗೆ ಯಾವ ಷರತ್ತೂ ಇರ್ಲಿಲ್ಲ, ಅಕ್ಟೋಬರಲ್ಲಿ ನೀವು ವಿಮೆ ಕಡಿಮೆ ಮಾಡು ಅಂದ್ರಿ, ನಾನು ಕೈತಪ್ಪಿ ಪೂರ್ತಿ ರದ್ದು ಮಾಡ್ಬಿಟ್ಟಿದ್ದೆ.”