ಮನೆಯಿಂದ ತಂದ ನೀರು

ಎಂಟನೆಯ ತರಗತಿಯ ಮಕ್ಕಳು ತಾವೇ ಬೆಸುಗೆ ಹಾಕಿ ಜೋಡಿಸಿದ, ನೀರಿನಲ್ಲಿ ರೋಗವಿದ್ದರೆ ತೋರಿಸುವ ಮೀಟರುಗಳನ್ನು ಬೆಂಚಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು. ಪ್ರತಿ ವರ್ಷದ ಪ್ರಯೋಗ ಇದು. ಎಲ್ಲರೂ ಮನೆಯಿಂದ ಒಂದು ಬಾಟಲಿ ನೀರು ತರಬೇಕು. ಹಸಿರು ದೀಪ ಹತ್ತಿದರೆ ಪೂರ್ತಿ ಅಂಕ. ಕೆಂಪು ಹತ್ತಿದರೂ ಪೂರ್ತಿ ಅಂಕವೇ. ಆದರೆ ರೋಗ ಹೊರಗೆ ಹರಡಬಾರದೆಂದು ಅದೇ ಸಂಜೆ ಸರ್ಕಾರದ ಗಾಡಿಯವರು ಬಂದು, ಆ ನೀರು ಕುಡಿದವರನ್ನು ಒಳಗಿಟ್ಟೇ ಬಾಗಿಲಿಗೆ ಕಬ್ಬಿಣದ ತಗಡು ಬೆಸೆದು ಹೋಗುತ್ತಿದ್ದರು. ಹಾಗೆ ಬೆಸೆದ ತಗಡನ್ನು ತೆಗೆದದ್ದನ್ನು ಯಾರೂ ಕಂಡಿರಲಿಲ್ಲ.

ಹುಲಿಗೆಮ್ಮನ ಮೀಟರಿನಲ್ಲಿ ಕೆಂಪು ಹತ್ತಿತು.

ಮಹಾನಂದಾ ಟೀಚರ್ ಅದನ್ನು ತಿರುವಿ ನೋಡಿದರು. ಬೆಸುಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. "ಚಲೋ ಮಾಡೀಯವ್ವ," ಎಂದು ರೂಢಿಯಂತೆ ಹೇಳಿ ಪೆನ್ನು ತೆಗೆದರು.

ಹುಡುಗಿ ಅವರ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಇದು ನಮ್ಮನಿ ನೀರಲ್ರೀ ಟೀಚರ್. ಕೆಂಪು ಹತ್ತಿದ್ರ ಏನ್ ಗತಿ ಅಂತ ಅಂಜಿ, ಮುಂಜಾನೆ ಸಾಲಿ ನಳದಾಗ ತುಂಬಕೊಂಡೀನ್ರೀ."

ಹತ್ತು ನಿಮಿಷದ ಹಿಂದಷ್ಟೇ ನೀರಿನ ಗಂಟೆ ಹೊಡೆದಿತ್ತು. ಮೂವತ್ತೊಂದು ಮಕ್ಕಳೂ ಶಾಲೆಯ ಆ ನಳದ ನೀರು ಕುಡಿದು ಬಂದಿದ್ದರು. ಮಹಾನಂದಾ ಕೂಡ ಕುಡಿದಿದ್ದರು.

"ನಿಮ್ಮನ್ಯಾಗ ಯಾರ್ಯಾರ ಅದೀರಿ?"

"ನಾನು, ನಮ್ಮಜ್ಜಿ. ಇಬ್ಬರರೀ."

ಟೀಚರ್ ಒಮ್ಮೆ ಇಡೀ ತರಗತಿಯನ್ನು ನೋಡಿದರು. ಆಮೇಲೆ ಗಾಡಿಯವರಿಗೆ ಕೊಡುವ ಕೆಂಪು ದೀಪದ ಪಟ್ಟಿಯಲ್ಲಿ ಹುಲಿಗೆಮ್ಮನ ಮನೆಯ ನಂಬರನ್ನು ನಿಧಾನವಾಗಿ ಬರೆದರು.

"ಇವತ್ತ ಮನಿಗೆ ಹೋಗಬ್ಯಾಡ," ಎಂದರು. "ಸಾಲಿ ಬಿಟ್ಟ ಮ್ಯಾಲೆ ನನ್ನ ಕೂಡ ಬಾ."